ಹಂಚು, ಗಾಳ ಮತ್ತು ‘ಆಮಿಷ’ ಎಂಬ ಪದ

ಮಳೆಗಾಲ ಹಿಡಿಯುವ ಮೊದಲು ನಮ್ಮ ಹಳೆಯ ಮನೆಯ ಮಾಡಿಗೆ ಆಳು ಹತ್ತಿಸಿ ಒಡೆದ ಹಂಚುಗಳನ್ನು ಬದಲಿಸುವುದು ರೂಢಿ. ಈ ಸಲ ಕೆಳಗಿಳಿಸಿದ ಹಂಚೊಂದರ ಪಾಚಿಯನ್ನು ತೆಂಗಿನ ನಾರಿನಿಂದ ಉಜ್ಜಿದಾಗ ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865’ ಎಂಬ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯೊಂದರ ಇಂಗ್ಲಿಷ್ ಅಚ್ಚು ಎದ್ದು ಕಾಣಿಸಿತು. ಭಾನುವಾರದ ಆರಾಧನೆ ಮುಗಿಸಿ ಊಟಕ್ಕೆ ಬಂದಿದ್ದ ತಂಗಿಯ ಮಗ ಅದನ್ನು ತಿರುಗಿಸಿ ನೋಡಿ, “ಕ್ರೈಸ್ತರಾಗಲು ನಮ್ಮ ಹಿರಿಯರಿಗೆ ಒಡ್ಡಿದ ಆಮಿಷ ಇದೇ ತಾನೆ?” ಎಂದ. ತಮಾಷೆಗೆ ಅಂದದ್ದೇ, ಆದರೆ ಬಂಗುಡೆ ಸಾರಿನ ಮುಂದೆ ಕುಳಿತವರು ಸಂಜೆಯ ಚಹಾದವರೆಗೂ ಏಳಲಿಲ್ಲ.

2022ರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯು, ಅಂದರೆ ಜನರ ಬಾಯಲ್ಲಿ ಮತಾಂತರ ನಿಷೇಧ ಕಾಯ್ದೆಯು, ಆಮಿಷದ ವ್ಯಾಖ್ಯೆಯೊಳಗೆ ಉಡುಗೊರೆ, ಹಣ, ಉದ್ಯೋಗ, ಧಾರ್ಮಿಕ ಸಂಸ್ಥೆ ನಡೆಸುವ ಶಾಲೆಯಲ್ಲಿ ಉಚಿತ ಶಿಕ್ಷಣ, ಮದುವೆಯ ಮಾತು ಇವೆಲ್ಲದರ ಜೊತೆಗೆ ‘ಉತ್ತಮ ಜೀವನಶೈಲಿ’ಯನ್ನೂ ಸೇರಿಸಿತು. ಅದನ್ನು ರದ್ದುಗೊಳಿಸಲು 2023ರ ಜೂನಿನಲ್ಲಿ ಸಚಿವ ಸಂಪುಟ ತೀರ್ಮಾನಿಸಿತಾದರೂ ಆ ಪದ ಜನರ ಬಾಯಿಂದ ಇಳಿದಿಲ್ಲ. ಮೇಲಾಗಿ, ಬದುಕು ಹಸನಾಗಲಿ ಎಂಬ ಆಸೆಯೇ ಆಮಿಷವಾದರೆ ಯಾವ ಧರ್ಮದವನು ಯಾವ ದೇವರ ಮುಂದೆ ಕೈಮುಗಿಯಬಹುದು?

ನಮ್ಮ ಮನೆಯ ಕಥೆಯನ್ನು ಅಮ್ಮ ಹೇಳುವ ರೀತಿ ಬೇರೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಕ್ರೈಸ್ತರಾದವರಲ್ಲಿ ಅನೇಕರು ನಮ್ಮಂತೆ ಬಿಲ್ಲವರು. ಮೂರ್ತೆ, ಅಂದರೆ ಮರ ಹತ್ತಿ ಕಳ್ಳು ಇಳಿಸುವ ಕೆಲಸ, ಬಿಡಬೇಕೆಂಬುದು ಮಿಷನ್ನಿನ ಕಟ್ಟಳೆ. ಇತ್ತ ಜಾತಿ ಬಿಟ್ಟವನನ್ನು ಗೇಣಿಯಿಂದ ಎಬ್ಬಿಸುವುದು ಧಣಿಗಳ ಕಟ್ಟಳೆ. ಕುಡುಗೋಲನ್ನೂ ಗದ್ದೆಯನ್ನೂ ಒಟ್ಟಿಗೆ ಕಳೆದುಕೊಂಡವರಿಗೆ ನೇಯ್ಗೆಯ ಮಗ್ಗ, ಅಚ್ಚುಕೂಟ, ಕೊನೆಗೆ 1865ರಲ್ಲಿ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ತೆರೆದ ಹಂಚಿನ ಕಾರ್ಖಾನೆ ಆಸರೆಯಾದವು. ಅಂದರೆ ಅವರಿಗೆ ನಷ್ಟ ಮೊದಲು, ಕೂಲಿ ಆಮೇಲೆ.

ತಂಗಿ ಇದನ್ನು ಪೂರ್ತಿ ಒಪ್ಪಲಿಲ್ಲ. ಮೊದಲನೆಯವನು ಕಳೆದುಕೊಂಡು ಬಂದಿರಬಹುದು, ಕಾರ್ಖಾನೆಯ ಹೊಗೆ ನೋಡಿ ಬಂದ ಹತ್ತನೆಯವನ ಬಗ್ಗೆ ಏನನ್ನುತ್ತೀರಿ ಎಂದು ಕೇಳಿದಳು. ನ್ಯಾಯವಾದ ಪ್ರಶ್ನೆ. ಯೋಹಾನನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಯೇಸುವೇ ತನ್ನನ್ನು ಹುಡುಕಿ ಬಂದ ಜನರಿಗೆ, ನೀವು ಬಂದದ್ದು ಹೊಟ್ಟೆತುಂಬ ರೊಟ್ಟಿ ತಿಂದದ್ದರಿಂದ ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಾನೆ; ಆದರೆ ರೊಟ್ಟಿಯನ್ನು ಕೊಟ್ಟದ್ದಕ್ಕಾಗಿ ಪಶ್ಚಾತ್ತಾಪ ಪಡುವುದಿಲ್ಲ. (ಸಂಸ್ಕೃತದಲ್ಲಿ ಆಮಿಷವೆಂದರೆ ಮಾಂಸ, ಗಾಳಕ್ಕೆ ಚುಚ್ಚುವ ತುಣುಕೂ ಹೌದು. ಯೇಸುವಿನ ಶಿಷ್ಯನಾದ ಬೆಸ್ತ ಪೇತ್ರನ ಕೈಯಲ್ಲಿದ್ದದ್ದು ಬಲೆ ಎಂದು ನಾನು ಸಮಜಾಯಿಷಿ ಹೇಳಿದೆ. ಮೀನಿಗೆ ಅದರಿಂದೇನು ವ್ಯತ್ಯಾಸ ಎಂದು ಹುಡುಗ ನಕ್ಕ.)

ನನಗೆ ಕಿರಿಕಿರಿಯೆನಿಸುವುದು ಇಷ್ಟು: ಓದಿದವನು, ಉಳ್ಳವನು ಮತ ಬದಲಿಸಿದರೆ ಅದನ್ನು ಆತ್ಮಶೋಧನೆ ಎನ್ನುತ್ತೇವೆ, ಮರ ಹತ್ತುವವನು ಬದಲಿಸಿದರೆ ಅವನಿಗೆ ಸ್ವಂತ ಮನಸ್ಸೇ ಇರಲಿಲ್ಲವೆಂಬಂತೆ ಆಮಿಷದ ಮಾತೆತ್ತುತ್ತೇವೆ. ಹಾಗೆಂದು ನಾವು ಚೊಕ್ಕವೆಂದಲ್ಲ. ವೇದಿಕೆಯ ಮೇಲೆ ನಿಂತು ಕಾಯಿಲೆಯ ಗುಣದ ಜೊತೆ ವಿದೇಶದ ವೀಸಾವನ್ನೂ ದೇವರ ಹೆಸರಿನಲ್ಲಿ ಹಂಚುವ ಬೋಧಕರನ್ನು ನಾನೇ ಕೇಳಿದ್ದೇನೆ, ಮದುವೆಯ ಸಂಬಂಧ ಬಂದಾಗ ಹಳೆಯ ಜಾತಿಯನ್ನು ಮೆಲುದನಿಯಲ್ಲಿ ವಿಚಾರಿಸುವ ಸಭಿಕರನ್ನೂ ಬಲ್ಲೆ.

ಅಮ್ಮ ಕೊನೆಯ ಮಾತೆಂಬಂತೆ ಮೊದಲ ಮಹಾಯುದ್ಧವನ್ನು ತಂದಳು. ಜರ್ಮನ್ನರು ಶತ್ರುಗಳೆಂದು ಹೊರಬಿದ್ದರು, ಕಾರ್ಖಾನೆಗಳು ಬ್ರಿಟಿಷರ ಕೈಗೆ ಹೋದವು. ಕೂಲಿ ಕೊಡುವವನು ಬೇರೆಯಾದ ಮೇಲೂ ನಮ್ಮಜ್ಜ ಭಾನುವಾರ ದೇವಾಲಯ ತಪ್ಪಿಸಲಿಲ್ಲವಲ್ಲ? “ಅಷ್ಟರಲ್ಲಿ ಅಭ್ಯಾಸವಾಗಿರಬೇಕು ಅಜ್ಜಿ,” ಎಂದ ಮೊಮ್ಮಗ. ಹಂಚನ್ನು ತನ್ನ ಬೆಂಗಳೂರಿನ ಕೋಣೆಯ ಗೋಡೆಗೆ ತೂಗಹಾಕಲು ಒಯ್ಯುತ್ತೇನೆಂದು ಹಟ ಹಿಡಿದ. ಅಡುಗೆಮನೆಯ ಮೇಲೆ ಒಂದು ಹಂಚು ಕಡಿಮೆ ಬಿದ್ದಿತ್ತು, ನಾನು ಕೊಡಲಿಲ್ಲ.