ನಂಬಿಕೆಯನ್ನು ಮನೆಯಲ್ಲೇ ಇಟ್ಟುಕೊಳ್ಳಬಾರದೇ?

ನಾನು ಸಾಂಪ್ರದಾಯಿಕ ಕ್ರೈಸ್ತ ನಂಬಿಕೆಯವನೆಂದು ತಿಳಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: ದೇವರನ್ನು ನಂಬುವುದು ನಿಮ್ಮ ಸ್ವಂತ ವಿಷಯ, ಅದನ್ನು ಮನೆಯಲ್ಲೋ ಚರ್ಚಿನಲ್ಲೋ ಇಟ್ಟುಕೊಳ್ಳಿ, ಕಾನೂನು, ಶಿಕ್ಷಣ, ರಾಜಕೀಯದ ಮಾತು ಬಂದಾಗ ಅದನ್ನೇಕೆ ಎಳೆದು ತರುತ್ತೀರಿ? ಕೇಳುವವರಲ್ಲಿ ಬಹುತೇಕರ ಉದ್ದೇಶ ಒಳ್ಳೆಯದೇ. ಧರ್ಮದ ಹೆಸರಿನಲ್ಲಿ ಅಧಿಕಾರ ಹಿಡಿದವರು ಮಾಡಿದ ಅನಾಹುತಗಳು ಅವರ ಕಣ್ಣ ಮುಂದಿರುತ್ತವೆ, ಆ ಭಯ ಆಧಾರವಿಲ್ಲದ್ದಲ್ಲ. ಆದರೂ ಹಾಗೆ ಇಟ್ಟುಕೊಳ್ಳಲು ಆಗದು ಎಂಬುದೇ ನನ್ನ ಉತ್ತರ. ಗೆರೆಯೊಂದು ಬೇಕೇ ಬೇಕು, ಆದರೆ ಅವರು ಎಳೆಯುತ್ತಿರುವ ಜಾಗದಲ್ಲಿ ಅಲ್ಲ.

ಮನುಷ್ಯನನ್ನು ದೇವರು ತನ್ನ ಸ್ವರೂಪದಲ್ಲಿ ಸೃಷ್ಟಿಸಿದನೆಂಬ ಮಾತು ಸತ್ಯವೇದದ (ಬೈಬಲಿನ) ಮೊದಲ ಅಧ್ಯಾಯದಲ್ಲೇ ಇದೆ. ಅದನ್ನು ನಿಜವೆಂದು ಒಪ್ಪಿದವನು ಇನ್ನೂ ಹುಟ್ಟದ ಶಿಶುವಿನ ಬಗ್ಗೆ, ಹಾಸಿಗೆ ಹಿಡಿದ ಮುದುಕರ ಬಗ್ಗೆ, ಸೆರೆಯಾಳಿನ ಬಗ್ಗೆ ಕಾನೂನು ಏನು ಹೇಳಬೇಕೆಂದು ಯೋಚಿಸುವಾಗ ಅದನ್ನು ಬದಿಗಿಡುವುದಾದರೂ ಹೇಗೆ? ದೇವರಿಲ್ಲ ಎನ್ನುವವರೂ ಮನುಷ್ಯನೆಂದರೆ ಯಾರು, ಅವನಿಗೆ ಬೆಲೆ ಎಲ್ಲಿಂದ ಬಂತು ಎಂಬ ಯಾವುದೋ ತಿಳಿವಳಿಕೆಯನ್ನು ಹೊತ್ತೇ ಮತಗಟ್ಟೆಗೆ ಹೋಗುತ್ತಾರೆ. ಪ್ರಯೋಗಶಾಲೆಯಲ್ಲಿ ಸಾಬೀತಾಗದ ಆ ತಿಳಿವಳಿಕೆಗೆ ಒಳಗೆ ಬರಲು ಅನುಮತಿಯಿದ್ದು ನನ್ನದಕ್ಕೆ ಮಾತ್ರ ಇಲ್ಲವೆಂದರೆ, ಅದನ್ನು ತಟಸ್ಥ ನಿಯಮವೆಂದು ಕರೆಯಲು ನನಗೆ ಮನಸ್ಸು ಬಾರದು.

ಇದು ಈಚೆಗೆ ಹುಟ್ಟಿದ ಹಟವೂ ಅಲ್ಲ. ರೋಮ್ ಸಾಮ್ರಾಜ್ಯದಲ್ಲಿ ಬೇಡವಾದ ಹಸುಗೂಸನ್ನು ಹೊರಗೆ ಬಿಟ್ಟುಬರುವುದು ತಂದೆಯ ಹಕ್ಕಿನೊಳಗೆ ಸೇರಿತ್ತು. ಮೊದಲ ಶತಮಾನಗಳ ಕ್ರೈಸ್ತರು ಅದನ್ನು ಕೊಲೆಯೆಂದೇ ಕರೆದರು, ಗರ್ಭಪಾತವನ್ನೂ ಅದರ ಜೊತೆಯಲ್ಲೇ ಖಂಡಿಸಿದರು. ಆಗ ಅವರ ಕೈಯಲ್ಲಿ ಅಧಿಕಾರವಿರಲಿಲ್ಲ, ಅಧಿಕಾರದ ಕೈಗೆ ಸಿಕ್ಕಿ ಸಾಯುತ್ತಿದ್ದವರು ಅವರೇ. ಚಕ್ರವರ್ತಿ ವ್ಯಾಲೆಂಟಿನಿಯನ್ 374ರಲ್ಲಿ ಶಿಶುಹತ್ಯೆಯನ್ನು ಶಿಕ್ಷಾರ್ಹ ಅಪರಾಧವಾಗಿಸುವ ಹೊತ್ತಿಗೆ ಈ ಬೋಧನೆ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಎರಡು ಶತಮಾನಗಳಿಗೂ ಹೆಚ್ಚು ಕಾಲದಿಂದ ನಡೆದು ಬಂದಿತ್ತು. ಸಂಸ್ಕೃತಿ ಕೆಟ್ಟಿತೆಂದು ನಮ್ಮವರು ಇಂದು ಎಬ್ಬಿಸುವ ಗದ್ದಲಕ್ಕಿಂತ, ಮೊದಲು ಮನೆ ಆಮೇಲೆ ಕಾನೂನು ಎಂಬ ಆ ಕ್ರಮ ನನಗೆ ಹೆಚ್ಚು ಹಿಡಿಸುತ್ತದೆ.

ಹಾಗಾದರೆ ಗೆರೆ ಎಲ್ಲಿ? ಇದಕ್ಕೆ ನನಗೆ ಹೆಚ್ಚು ನೆರವಾದವರು ನೆದರ್ಲೆಂಡ್ಸಿನ ಅಬ್ರಹಾಂ ಕೈಪರ್. ಸಭಾಪಾಲಕರಾಗಿ ಕೆಲಸ ಆರಂಭಿಸಿ, ಪತ್ರಿಕೆ ನಡೆಸಿ, 1880ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಒಂದು ವಿಶ್ವವಿದ್ಯಾಲಯವನ್ನು ಸ್ಥಾಪಿಸಿ, 1901ರಿಂದ 1905ರವರೆಗೆ ಪ್ರಧಾನಿಯಾಗಿದ್ದವರು ಅವರು. ಬದುಕಿನಲ್ಲಿ ಕ್ರಿಸ್ತನು ತನ್ನದೆನ್ನದ ಒಂದು ಅಂಗುಲವೂ ಇಲ್ಲವೆಂದು ವಿಶ್ವವಿದ್ಯಾಲಯದ ಆರಂಭೋತ್ಸವದಲ್ಲಿ ಅವರು ಹೇಳಿದ್ದನ್ನು ನಮ್ಮವರು ಎಲ್ಲೆಡೆ ಉದ್ಧರಿಸುತ್ತಾರೆ. ಅದೇ ಭಾಷಣದ ಮುಖ್ಯ ವಾದವನ್ನು ಉದ್ಧರಿಸುವವರು ಕಡಿಮೆ. ಎಲ್ಲವೂ ಕ್ರಿಸ್ತನದಾದ್ದರಿಂದಲೇ ಎಲ್ಲವೂ ಸರ್ಕಾರದ್ದಾಗುವಂತಿಲ್ಲ, ಸಭೆಯದ್ದಾಗುವಂತೆಯೂ ಇಲ್ಲ. ಕುಟುಂಬ, ಶಾಲೆ, ವಿದ್ಯೆ, ಸಭೆ, ಸರ್ಕಾರ ಒಂದೊಂದಕ್ಕೂ ದೇವರೇ ಕೊಟ್ಟ ಅದರದರ ಅಧಿಕಾರವಿದೆ, ಒಂದು ಇನ್ನೊಂದರ ಅಂಗಳಕ್ಕೆ ಕಾಲಿಡಬಾರದು ಎಂಬುದು ಆ ವಾದ.

ಅದು ಬರಿಯ ಭಾಷಣವಾಗಿ ಉಳಿಯಲಿಲ್ಲ. 1878ರಲ್ಲಿ ಡಚ್ ಸಂಸತ್ತು ಶಾಲೆಗಳ ಗುಣಮಟ್ಟದ ಷರತ್ತುಗಳನ್ನು ಬಿಗಿಗೊಳಿಸಿ, ಅದಕ್ಕೆ ತಗಲುವ ಹಣವನ್ನು ಸರ್ಕಾರಿ ಶಾಲೆಗಳಿಗೆ ಮಾತ್ರ ಕೊಡುವ ಕಾನೂನು ಮಾಡಿತು. ಅದಕ್ಕೆ ಸಹಿ ಹಾಕಬೇಡಿರೆಂದು 3 ಲಕ್ಷಕ್ಕೂ ಹೆಚ್ಚು ಪ್ರಾಟೆಸ್ಟೆಂಟರು ದೊರೆಗೆ ಮನವಿ ಸಲ್ಲಿಸಿದರೂ ದೊರೆ ಸಹಿ ಹಾಕಿದರು. ಮರುವರ್ಷ ಕೈಪರ್ ಪಕ್ಷ ಕಟ್ಟಿದರು. ಸರ್ಕಾರಿ ಶಾಲೆಗಳೆಲ್ಲ ತಮ್ಮ ಮತವನ್ನೇ ಕಲಿಸಲಿ ಎಂದು ಅವರು ಕೇಳಲಿಲ್ಲ. ಹೆತ್ತವರು ಯಾವ ಶಾಲೆಯನ್ನು ಆರಿಸಿದರೂ ಸರ್ಕಾರದ ಹಣ ಸಮನಾಗಿ ಸಿಗಲಿ ಎಂಬುದು ಬೇಡಿಕೆಯಾಗಿತ್ತು. ಅದಕ್ಕಾಗಿ, ಹಿಂದೆ ಪರಸ್ಪರ ರಕ್ತ ಹರಿಸಿದ್ದ ಕ್ಯಾಥೊಲಿಕರ ಜೊತೆ ಕೈಜೋಡಿಸಿದರು. 1917ರ ಸಂವಿಧಾನ ತಿದ್ದುಪಡಿಯಲ್ಲಿ ಅದು ಎಲ್ಲರಿಗೂ ದಕ್ಕಿತು. ನನಗೆ ಸಿಗುವುದು ನೆರೆಯವನಿಗೂ ಸಿಗಬೇಕೆಂಬ ಈ ರೀತಿಯ ರಾಜಕೀಯದಲ್ಲಿ ನಂಬಿಕೆ ಅಡಗಿಯೂ ಇಲ್ಲ, ಹೇರಿಕೆಯೂ ಇಲ್ಲ. (ಕೈಪರ್ ಸಂತರೇನಲ್ಲ. 1903ರ ರೈಲ್ವೆ ಮುಷ್ಕರವನ್ನು ಅವರ ಸರ್ಕಾರ ಹತ್ತಿಕ್ಕಿದ ರೀತಿಯನ್ನು ನಾನು ಸಮರ್ಥಿಸುವುದಿಲ್ಲ.)

ಇಷ್ಟು ಹೇಳಿದ ಕೂಡಲೇ ಎದುರಿನವರು ದಕ್ಷಿಣ ಆಫ್ರಿಕಾವನ್ನು ನೆನಪಿಸುತ್ತಾರೆ, ನೆನಪಿಸಲೇಬೇಕು. ಕೈಪರ್ ಅವರದೇ ಪ್ರಾಟೆಸ್ಟೆಂಟ್ ಪರಂಪರೆಗೆ ಸೇರಿದ ಅಲ್ಲಿಯ ಡಚ್ ರಿಫಾರ್ಮ್ಡ್ ಸಭೆ ವರ್ಣಭೇದ ನೀತಿಗೆ ಸತ್ಯವೇದದ ಆಧಾರ ಒದಗಿಸಿತು, ಕೈಪರ್ ವಿಚಾರಗಳನ್ನೇ ತಿರುಚಿ ಬಳಸಿದವರೂ ಇದ್ದರು. ಆದರೆ ಅದು ಶುರುವಾದ ಬಗೆಯನ್ನು ನೋಡಬೇಕು. ಹೊಸ ವಿಶ್ವಾಸಿಗಳನ್ನು ಇರುವ ಸಭೆಗಳಲ್ಲೇ ಸೇರಿಸಿಕೊಳ್ಳುವುದು ಸತ್ಯವೇದಕ್ಕೆ ಅನುಗುಣವೆಂದು 1857ರ ಸಿನೊಡ್, ಅಂದರೆ ಆ ಸಭೆಯ ಆಡಳಿತ ಮಂಡಳಿ, ಸ್ವತಃ ಒಪ್ಪಿಕೊಂಡಿತ್ತು. ಒಪ್ಪಿಕೊಂಡೂ, ಕೆಲವರ ದೌರ್ಬಲ್ಯದ ಕಾರಣ ಬೇರೆ ಬೇರೆ ಆರಾಧನೆ ನಡೆಸಬಹುದೆಂದು ಬಿಟ್ಟುಕೊಟ್ಟಿತು. ಆ ದೌರ್ಬಲ್ಯ ಯಾವುದೆಂದರೆ, ಬಿಳಿಯರು ಕರಿಯರ ಪಕ್ಕ ಕೂರಲು ಒಪ್ಪದಿದ್ದದ್ದು. ಧರ್ಮಗ್ರಂಥ ಹೇಳಿದ್ದನ್ನು ಬಿಟ್ಟು ಸುತ್ತಲಿನ ಸಮಾಜ ಕೇಳಿದ್ದನ್ನು ಸಭೆ ಕೊಟ್ಟಿತು, ಆಮೇಲೆ ಕೊಟ್ಟದ್ದಕ್ಕೆ ವಚನ ಹುಡುಕಿತು. ವರ್ಣಭೇದದ ಸಮರ್ಥನೆಯನ್ನು ದುರ್ಬೋಧನೆಯೆಂದು 1982ರಲ್ಲಿ ಘೋಷಿಸಿ, ಆ ಸಭೆಯ ಸದಸ್ಯತ್ವವನ್ನು ಅಮಾನತಿನಲ್ಲಿಟ್ಟದ್ದು ಜಗತ್ತಿನ ರಿಫಾರ್ಮ್ಡ್ ಸಭೆಗಳ ಒಕ್ಕೂಟವೇ. ನಂಬಿಕೆ ಸಾರ್ವಜನಿಕವಾದದ್ದು ಅಲ್ಲಿಯ ಕೇಡಿಗೆ ಕಾರಣವೆಂದು ಒಪ್ಪಲು ನನಗೆ ಆಗದಿರುವುದು ಈ ಕಾರಣಕ್ಕೆ. ಯಾವುದೇ ಪಕ್ಷ ಸಭೆಯನ್ನು ಹೊಗಳತೊಡಗಿದಾಗ ನನಗೆ ಆತಂಕವಾಗುವುದೂ ಈ ಕಾರಣಕ್ಕೇ.

ಇನ್ನು, ನಮ್ಮ ನೀತಿಯನ್ನೆಲ್ಲ ಕಾನೂನಾಗಿಸಬೇಕೆಂದು ಬಯಸುತ್ತೇವೆಯೇ ಎಂಬುದು. ಇಲ್ಲ. ಪಾಪವೆಲ್ಲ ಅಪರಾಧವಲ್ಲ, ಮನುಷ್ಯರ ಕಾನೂನು ಎಲ್ಲ ದುರ್ಗುಣಗಳನ್ನೂ ತಡೆಯಹೊರಡಬಾರದು, ಇತರರಿಗೆ ಹಾನಿ ಮಾಡುವ ಘೋರವಾದವುಗಳನ್ನು ತಡೆದರೆ ಸಾಕು ಎಂದು ಕ್ರೈಸ್ತ ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ 13ನೇ ಶತಮಾನದಲ್ಲೇ ವಾದಿಸಿದ್ದರು. ವಿವಾಹ ಜೀವಮಾನದ ಒಡಂಬಡಿಕೆಯೆಂದು ನಾನು ನಂಬುತ್ತೇನೆ, ಹಾಗೆಂದು ಬೋಧಿಸಲು ಸಭೆಗೆ ಸ್ವಾತಂತ್ರ್ಯವಿರಬೇಕೆಂದು ಕೇಳುತ್ತೇನೆ. ಆರಾಧನೆಗೆ ಬಾರದವನನ್ನು ಪೊಲೀಸರು ಕರೆತರಲಿ ಎಂದು ಕೇಳುವುದಿಲ್ಲ. ಬಲವಂತದಿಂದ ಬಾಗಿದ ಮೊಣಕಾಲಿನಲ್ಲಿ ದೇವರಿಗೆ ಆಸಕ್ತಿಯಿಲ್ಲ.

ಮನಸ್ಸಾಕ್ಷಿಯ ವಿಷಯದಲ್ಲಿ ಮಾತ್ರ ನಾನು ರಾಜಿಯಾಗಲಾರೆ. ಗರ್ಭಪಾತದಲ್ಲಿ ಕೈಜೋಡಿಸಲಾರೆ ಎನ್ನುವ ದಾದಿಯನ್ನು ಕೆಲಸದಿಂದ ತೆಗೆಯಬಾರದೆಂದು ನಾನು ಹೇಳುವುದಾದರೆ, ನನಗೆ ಒಪ್ಪಿಗೆಯಾಗದ ಮನಸ್ಸಾಕ್ಷಿಯ ಪರವಾಗಿಯೂ ಅದನ್ನೇ ಹೇಳಬೇಕಾಗುತ್ತದೆ. ಯೆಹೋವನ ಸಾಕ್ಷಿಗಳೆಂಬ ಪಂಗಡದ ಬೋಧನೆಯನ್ನು ನನ್ನ ಸಭೆ ತಪ್ಪೆಂದೇ ಕಲಿಸುತ್ತದೆ. ಆದರೆ ಅವರ ಮಕ್ಕಳು ಶಾಲೆಯಲ್ಲಿ ಧ್ವಜವಂದನೆ ಮಾಡುವಂತೆ ಬಲವಂತಪಡಿಸಲಾಗದೆಂದು 1943ರಲ್ಲಿ, ಮಹಾಯುದ್ಧ ನಡೆಯುತ್ತಿರುವಾಗಲೇ, ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಸರಿಯಾದದ್ದು. ಅಂಥ ಮೊಕದ್ದಮೆ ಇಂದು ಬಂದರೂ ಆ ಮಕ್ಕಳ ಪರವಾಗಿಯೇ ಮಾತನಾಡುತ್ತೇನೆ.