ಹೊತ್ತಿಗೊಂದು ಹಿಡಿ

ಖಾಲಿ ಡಬ್ಬಿಯ ತಳಕ್ಕೆ ಬೀಳುವ ಮೊದಲ ಹಿಡಿಯಕ್ಕಿಗೆ ಒಂದು ಸದ್ದಿದೆ. ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಪಟಪಟನೆ ಸಿಡಿಯುತ್ತದೆ, ಮನೆಯವರೆಲ್ಲ ಅಡುಗೆಮನೆ ಕಡೆ ತಿರುಗುತ್ತಾರೆ. ಎರಡನೇ ವಾರಕ್ಕೆ ಅಕ್ಕಿಯ ಮೇಲೆ ಅಕ್ಕಿ ಬೀಳತೊಡಗುತ್ತದೆ, ಸರ್ ಅಂದದ್ದು ಹಾಕಿದವರಿಗಷ್ಟೇ ಕೇಳಿಸುತ್ತದೆ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ, ಹಣೆಗೆ ಬೂದಿ ಹಚ್ಚಿಸಿಕೊಂಡ ದಿನ, ಎಲ್ಲರ ವ್ರತವೂ ಸದ್ದು ಮಾಡುತ್ತದೆ. ತಪಸ್ಸುಕಾಲ ನಿಜವಾಗಿ ಶುರುವಾಗುವುದು ಆ ಸದ್ದು ಅಡಗಿದ ಮೇಲೆ.

ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಯೇಸುಸ್ವಾಮಿ ಬೈಬಲ್‌ನ ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಒಂದೇ ಉಸಿರಿಗೆ ಹೇಳಿ, ಮೂರನ್ನೂ ಗುಟ್ಟಾಗಿ ಮಾಡಿ ಎಂದರು. ಹೊತ್ತು ಹೊತ್ತಿನ ಅಡುಗೆಯಲ್ಲಿ ಇಲ್ಲದವರಿಗೆಂದು ತೆಗೆದಿಡುವ ಹಿಡಿಯಕ್ಕಿಯಲ್ಲಿ ಮೂರೂ ಸೇರುತ್ತವೆ. ಆದರೆ ಅಕ್ಕಿಯನ್ನು ಮೂಟೆಯಿಂದ ತೆಗೆಯಬಾರದು. ಅನ್ನಕ್ಕೆಂದು ಅಳೆದ ಪಾವಿನಿಂದಲೇ, ತೊಳೆಯುವ ಮುಂಚೆ, ಒಂದು ಹಿಡಿ ತೆಗೆದು ಡಬ್ಬಿಗೆ ಹಾಕಬೇಕು. ಆಗ ತಟ್ಟೆಯಲ್ಲಿ ಅಷ್ಟು ಅನ್ನ ಕಡಿಮೆಯಾಗುತ್ತದೆ. ಮೂಟೆಯಿಂದ ತೆಗೆದರೆ ದಾನವಾಯಿತೇ ಹೊರತು ಉಪವಾಸವಾಗಲಿಲ್ಲ. ಹಾಕುವಾಗ 'ನಮ್ಮ ಅನುದಿನದ ಆಹಾರವನ್ನು ಈ ಹೊತ್ತು ನಮಗೆ ದಯಪಾಲಿಸು' ಎಂಬ ಒಂದು ಸಾಲು ಸಾಕು. ದೊಡ್ಡವರ ಹಿಡಿಯಲ್ಲಿ ಸುಮಾರು 40 ಗ್ರಾಂ ಅಕ್ಕಿ ಹಿಡಿಯುತ್ತದೆ. ದಿನಕ್ಕೆರಡು ಹೊತ್ತು ಹಾಕಿದರೆ ಭಾನುವಾರಗಳೂ ಸೇರಿ 46 ದಿನಕ್ಕೆ ಮೂರೂವರೆ ಕಿಲೋ ದಾಟುತ್ತದೆ. ಹುಳ ಬೀಳದಂತೆ ನಾಲ್ಕು ಒಣಮೆಣಸಿನಕಾಯಿ ಹಾಕಿ, ಮುಚ್ಚಳ ಬಿಗಿಯಾಗಿ ಹಾಕಿಡಿ. ಮಿಜೋರಾಂನ ಕ್ರೈಸ್ತ ಸಭೆಗಳ ಹೆಂಗಸರು ಇದನ್ನು 1910ರಿಂದ ಮಾಡುತ್ತಿದ್ದಾರೆ, ಅದೂ ವರ್ಷವಿಡೀ. ನಮ್ಮ ಕಡೆಯೂ ಹಿಡಿಯಕ್ಕಿ ಹೊಸದಲ್ಲ. ಆದರೆ ಈಗ ಪಾವೇ ಇಲ್ಲದ ಮನೆಗಳು ಎಷ್ಟೋ. ಕುಕ್ಕರ್ ಜೊತೆ ಬಂದ ಪ್ಲಾಸ್ಟಿಕ್ ಲೋಟವೇ ಅಳತೆ. ಇರಲಿ, ಲೋಟವಾದರೂ ಆದೀತು. ತಪಸ್ಸುಕಾಲದ ಶುಕ್ರವಾರ ಮಾಂಸ ಬಿಟ್ಟು ಅಂಜಲ್ ಮೀನಿನ ಫ್ರೈ ಮಾಡಿಕೊಳ್ಳುವವರಿಗೆ ಏನು ಹೇಳುವುದೋ ತಿಳಿಯದು. ನಿಯಮದ ಪ್ರಕಾರ ಅದು ಸರಿ, ನಾಲಗೆಗೆ ಮಾತ್ರ ಯಾವ ಶುಕ್ರವಾರವೂ ಗೊತ್ತಾಗುವುದಿಲ್ಲ.

ಓದಿನ ಅಳತೆಯೂ ಹಿಡಿಯಷ್ಟೇ ಇರಬೇಕು. ಹೊಸ ವರ್ಷಕ್ಕೆ ಇಡೀ ಬೈಬಲ್ ಹಿಡಿದವರು ಆದಿಕಾಂಡವನ್ನು ಓಡೋಡಿ ಮುಗಿಸಿ, ವಿಮೋಚನಕಾಂಡದ 25ರಲ್ಲಿ ಗುಡಾರದ ಅಳತೆಗಳು ಬಂದೊಡನೆ ನಿಧಾನಿಸುತ್ತಾರೆ. ಫೆಬ್ರವರಿ ಮೊದಲ ವಾರಕ್ಕೆ ಯಾಜಕಕಾಂಡದಲ್ಲಿ ಗುರುತಿನ ಪಟ್ಟಿ ಸಿಕ್ಕಿಸಿ ಮುಚ್ಚಿದರೆ, ಆ ಪಟ್ಟಿ ಡಿಸೆಂಬರ್‌ವರೆಗೂ ಅಲ್ಲೇ ಇರುತ್ತದೆ. ತಪಸ್ಸುಕಾಲಕ್ಕೆ ಯೇಸುಸ್ವಾಮಿಯ ಕಥೆ ಹೇಳುವ ನಾಲ್ಕು ಸುವಾರ್ತೆ ಸಾಕು. ಮತ್ತಾಯ 28, ಮಾರ್ಕ 16, ಲೂಕ 24, ಯೋಹಾನ 21, ಒಟ್ಟು 89 ಅಧ್ಯಾಯ. ದಿನಕ್ಕೆರಡರಂತೆ, ಬಾಯಿಬಿಟ್ಟು ಓದಿ. ಕಣ್ಣಲ್ಲಿ ಓದಿದರೆ ಗೊತ್ತಿರುವ ಕಥೆಯನ್ನು ಕಣ್ಣು ಹಾರಿಸಿಕೊಂಡು ಹೋಗುತ್ತದೆ. ಅಕ್ಕಿ ಒಲೆಯ ಮೇಲಿಟ್ಟ ಕೂಡಲೇ ಕೂತರೆ ಒಳ್ಳೆಯದು. 'ಸಮಯ ಸಿಕ್ಕಾಗ ಓದುತ್ತೇನೆ' ಅಂದವರಿಗೆ ಸಮಯ ಸಿಕ್ಕಿದ್ದಿಲ್ಲ.

ಹೀಗೆ ಓದುವಾಗ ಒಂದು ಸೋಜಿಗ ನಡೆಯುತ್ತದೆ. ಐದು ರೊಟ್ಟಿ ಎರಡು ಮೀನಿನಿಂದ ಐದು ಸಾವಿರ ಜನ ಉಂಡ ಕಥೆ ನಾಲ್ಕೂ ಸುವಾರ್ತೆಗಳಲ್ಲಿದೆ: ಮತ್ತಾಯ 14, ಮಾರ್ಕ 6, ಲೂಕ 9, ಯೋಹಾನ 6. ದಿನಕ್ಕೆರಡು ಅಧ್ಯಾಯದ ಲೆಕ್ಕದಲ್ಲಿ ಅವು ಬರುವುದು 7, 17, 27 ಮತ್ತು 37ನೇ ದಿನ. ಸರಿಯಾಗಿ ಹತ್ತು ದಿನಕ್ಕೊಮ್ಮೆ ರೊಟ್ಟಿ! ಅಧ್ಯಾಯಗಳನ್ನು ವಿಂಗಡಿಸಿದವರು ತಪಸ್ಸುಕಾಲವನ್ನು ನೆನೆದು ಹಾಗೆ ಮಾಡಿದ್ದಲ್ಲ. ಆದರೂ ಹಸಿದವರಿಗೆ ಅದು ಕಾಕತಾಳೀಯ ಅನ್ನಿಸುವುದಿಲ್ಲ.

ಅದಕ್ಕೇ ತಪ್ಪಿಹೋದ ದಿನದ ಓದನ್ನು ಮರುದಿನಕ್ಕೆ ಹೊರಿಸಬೇಡಿ. ಬಹುತೇಕ ವ್ರತಗಳು ಮುರಿಯುವುದು ತಪ್ಪಿದ ದಿನದಲ್ಲಲ್ಲ, ಅದರ ಮರುದಿನ. ಎರಡರ ಬದಲು ನಾಲ್ಕು ಓದಬೇಕು, ಆಗದೆ ಆರಾಗುತ್ತದೆ, ನಾಲ್ಕನೇ ದಿನ ಪುಸ್ತಕ ಕಂಡರೆ ಸಾಲ ಕೊಟ್ಟವನನ್ನು ಕಂಡ ಹಾಗೆ. ಮರುಭೂಮಿಯಲ್ಲಿ ಇಸ್ರಾಯೇಲರಿಗೆ ದೇವರು ಕೊಟ್ಟ ಮನ್ನ ಎಂಬ ಆಹಾರಕ್ಕೂ ಇದೇ ಕಟ್ಟಳೆಯಿತ್ತು. ತಲೆಗೆ ಒಂದು ಓಮೆರ್, ಅಂದರೆ ಸುಮಾರು ಎರಡು ಲೀಟರ್. ನಾಳೆಗೆಂದು ಕೂಡಿಟ್ಟದ್ದಕ್ಕೆ ಹುಳ ಬಿದ್ದು ನಾತ ಹಿಡಿಯಿತು. ನಿನ್ನೆಯದು ಹೋಗಲಿ, ಇವತ್ತಿನ ತಾರೀಕಿನದನ್ನು ಓದಿ. ಹತ್ತು ದಿನದೊಳಗೆ ರೊಟ್ಟಿ ಬಂದೇ ಬರುತ್ತದೆ.

ಜಾಸ್ತಿ ಜನ ಜಾರುವುದು ನಟ್ಟನಡುವೆ. 22ನೇ ದಿನಕ್ಕೆ ಮಾರ್ಕ ಮುಗಿಯುತ್ತದೆ, ಪುನರುತ್ಥಾನವನ್ನು ಎರಡನೇ ಬಾರಿ ಓದಿಯಾಗಿದೆ, ಇನ್ನೇನಿದೆ ಅನ್ನಿಸುತ್ತದೆ. ಮರುದಿನವೇ ಲೂಕನ ಮೊದಲೆರಡು ಅಧ್ಯಾಯ, 80 ಮತ್ತು 52, ಒಟ್ಟು 132 ವಚನ. ದಿನಕ್ಕೆರಡು ಅಧ್ಯಾಯದ ಓದಿನಲ್ಲಿ ಇಷ್ಟು ಭಾರದ ದಿನ ಇನ್ನೊಂದಿಲ್ಲ. ಅಂದು ಬೆಳಿಗ್ಗೆ ಒಂದು, ಸಂಜೆ ಒಂದು ಓದಬಹುದು. ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಎವಾಗ್ರಿಯಸ್ ಎಂಬ ಸನ್ಯಾಸಿ ಈ ಬೇಸರವನ್ನು ನಡುಹಗಲಿನ ಭೂತ ಎಂದು ಕರೆದ. ಅದು ಹಿಡಿದರೆ ಸೂರ್ಯ ನಿಂತಲ್ಲೇ ನಿಂತಂತೆ, ದಿನಕ್ಕೆ 50 ಗಂಟೆ ಇದ್ದಂತೆ ಅನ್ನಿಸುತ್ತದಂತೆ. ಕೋಣೆಯಲ್ಲಿದ್ದವನು ಯಾರಾದರೂ ಬಂದರೋ ಎಂದು ಹೊರಗೆ ಇಣುಕುತ್ತಲೇ ಇರುತ್ತಾನೆ. ನಾವು ಫೋನಿನೊಳಗೆ ಇಣುಕುತ್ತೇವೆ, ಅಷ್ಟೇ ವ್ಯತ್ಯಾಸ. ಅವನು ಹೇಳಿದ ಮದ್ದು ಕೋಣೆ ಬಿಟ್ಟು ಏಳದಿರುವುದು. ಒಂದೇ ಚಾಪೆ, ಒಂದೇ ಮೂಲೆ, ಫೋನ್ ಇನ್ನೊಂದು ಕೋಣೆಯಲ್ಲಿ. ಬೈಬಲ್ ಆ್ಯಪ್ ಕೆಟ್ಟದ್ದೇನಲ್ಲ, ಆದರೆ ಅದರ ನೆತ್ತಿಯ ಮೇಲೇ ವಾಟ್ಸಾಪ್ ಸಂದೇಶ ಇಳಿಯುತ್ತದೆ.

ಈಸ್ಟರ್‌ಗೆ ಮುಂಚಿನ ಪವಿತ್ರ ವಾರದಲ್ಲಿ ಓಟ ನಿಲ್ಲಿಸಬೇಕು. ಬುಧವಾರ, ಅಂದರೆ 43ನೇ ದಿನ, ಯೋಹಾನನ 17ಕ್ಕೆ ಬಂದು ತಲುಪಿರುತ್ತೀರಿ. ಅಂದು ಅದೊಂದೇ ಅಧ್ಯಾಯ. ಗುರುವಾರ ಮುಂದೆ ಹೋಗದೆ 13ಕ್ಕೆ ಮರಳಿ, ಸ್ವಾಮಿ ಶಿಷ್ಯರ ಕಾಲು ತೊಳೆದ ಗಳಿಗೆಯಿಂದ 17ರ ಪ್ರಾರ್ಥನೆಯವರೆಗೆ ರಾತ್ರಿ ದೀಪದ ಮುಂದೆ ಓದಿ. ಶುಭ ಶುಕ್ರವಾರ 18, 19. ಶನಿವಾರ ಏನನ್ನೂ ಓದಬೇಡಿ, ಅಂದು ಸಮಾಧಿ ಮುಚ್ಚಿದೆ.

ಶನಿವಾರ ಮಾಡುವುದು ಡಬ್ಬಿಯ ಕೆಲಸ. ಬೆಳಗಿನ ಹಿಡಿ ಹಾಕಿ, ಮೆಣಸಿನಕಾಯಿ ತೆಗೆದು, ಅಕ್ಕಿ ಕೇರಿ, ಹೊಸ ಚೀಲಕ್ಕೆ ತುಂಬಿ. ಹಳೇ ಕವರಿನಲ್ಲಿ ಕಟ್ಟಿ ಕೊಡಬಾರದು, ಫೋಟೊವಂತೂ ಬೇಡವೇ ಬೇಡ. ಕತ್ತಲಾಗುವ ಮುಂಚೆ ಅದು ಬೇಕಿರುವ ಮನೆ ಸೇರಬೇಕು. ಆ ಸಂಜೆಯ ಹಿಡಿಯನ್ನೂ ಅದಕ್ಕೇ ಸೇರಿಸಿ ಕೊಟ್ಟರಾಯಿತು. ಈಸ್ಟರ್ ಭಾನುವಾರ ಪೂಜೆಯಿಂದ ಬಂದು, ತಿಂಡಿಗೆ ಕೂರುವ ಮೊದಲು ಯೋಹಾನನ 20 ಮತ್ತು 21 ಓದಿ. ರಾತ್ರಿಯಿಡೀ ಬಲೆ ಬೀಸಿದ ಶಿಷ್ಯರು 153 ಮೀನು ಎಳೆದುಕೊಂಡು ದಡಕ್ಕೆ ಬರುವಷ್ಟರಲ್ಲಿ ಸ್ವಾಮಿ ಅಲ್ಲಿ ಕೆಂಡ ಮಾಡಿ, ಮೀನು ಇಟ್ಟು, ರೊಟ್ಟಿಯನ್ನೂ ತಂದಿಟ್ಟಾಗಿತ್ತು. ಆದರೂ ನೀವು ಹಿಡಿದದ್ದರಲ್ಲೂ ಕೆಲವನ್ನು ತನ್ನಿ ಅಂದರು. ಆಮೇಲೆ, ಬನ್ನಿ, ಊಟ ಮಾಡಿ ಅಂದರು.