ತಣ್ಣೀರಿನಲ್ಲಿ ಮುಖ ಅದ್ದಿದರೆ ಮನಸ್ಸು ತಣ್ಣಗಾಗುತ್ತಾ?

"ನೀನು ಹೇಳಿದೆ ಅಂತ ಮುಖಕ್ಕೆ ತಣ್ಣೀರು ಎರಚಿಕೊಂಡೆ. ಏನೂ ಆಗಲಿಲ್ಲವಲ್ಲ?" ಸಿಟ್ಟೋ ಗಾಬರಿಯೋ ಮಿತಿ ಮೀರಿದಾಗ ನಾನು ತಣ್ಣೀರಿನ ಮೊರೆ ಹೋಗುತ್ತೇನೆ ಅಂತ ಗೊತ್ತಿರುವವರೆಲ್ಲ ಒಂದಲ್ಲ ಒಂದು ದಿನ ಇದನ್ನು ಕೇಳಿದ್ದಾರೆ.

ಎರಚಿಕೊಂಡರೆ ಸಾಲದು. ಮುಖ ಅದ್ದಬೇಕು, ಉಸಿರು ಹಿಡಿಯಬೇಕು.

ಹೋದ ವರ್ಷದ ಒಂದು ರಾತ್ರಿ ಹೇಳುತ್ತೇನೆ. ಅಣ್ಣನ ಜೊತೆ ಫೋನಿನಲ್ಲಿ ಮನೆ ಭಾಗದ ಮಾತು. ಫೋನ್ ಇಟ್ಟ ಮೇಲೆ ಎದೆ ಡವಡವ ಅನ್ನುತ್ತಿತ್ತು. ಅವನಿಗೆ ಉದ್ದದ ಮೆಸೇಜ್ ಬರೆಯುತ್ತಿದ್ದೆ, ಬೆರಳು ನಡುಗಿ ಅಕ್ಷರವೆಲ್ಲ ತಪ್ಪುತ್ತಿದ್ದವು. ಹಾಗೇ ಎದ್ದು ಅಡುಗೆಮನೆಗೆ ಹೋದೆ. ಹಿಟ್ಟು ಕಲಸುವ ಸ್ಟೀಲ್ ಬೇಸಿನ್ನಿಗೆ ನೀರು ತುಂಬಿ ಒಂದಷ್ಟು ಐಸ್ ಹಾಕಿದೆ. ಕೂದಲು ಗಂಟು ಕಟ್ಟಿ, ಬಗ್ಗಿ, ಉಸಿರು ಹಿಡಿದು, ಹಣೆ, ಕಣ್ಣು, ಕೆನ್ನೆ ಪೂರ್ತಿ ಮುಳುಗಿಸಿದೆ. ಮೊದಲು ಹಣೆ ಚುರುಚುರು ಅಂತ ನೋಯುತ್ತೆ. ಎದ್ದುಬಿಡೋಣ ಅನಿಸುತ್ತೆ. ನಾನು ಇಪ್ಪತ್ತೈದರವರೆಗೆ ಎಣಿಸಿದೆ. ತಲೆ ಎತ್ತಿದಾಗ ಸಿಟ್ಟು ಇನ್ನೂ ಇತ್ತು, ಆದರೆ ಬೆರಳಿನ ನಡುಕ ನಿಂತಿತ್ತು. ಬರೆದದ್ದನ್ನು ಓದಿ ಅಳಿಸಿದೆ.

ಇದು ದೇಹದ ಹಳೆಯ ಅಭ್ಯಾಸ. ನೀರಿಗೆ ಧುಮುಕಿದ ಸೀಲ್ ಅನ್ನೋ ಕಡಲ ಪ್ರಾಣಿಯ ಎದೆಬಡಿತ ತುಂಬಾ ನಿಧಾನವಾಗುತ್ತೆ, ಇರುವ ಆಮ್ಲಜನಕ ಉಳಿಯಲಿ ಅಂತ. ನಮ್ಮಲ್ಲೂ ಅದು ಸ್ವಲ್ಪ ಇದೆ. ಹಣೆ ಮತ್ತು ಕಣ್ಣಿನ ಸುತ್ತ ತಣ್ಣೀರು ತಾಗಿ, ಜೊತೆಗೆ ಉಸಿರೂ ನಿಂತರೆ, ಮುಖದ ನರ ಮೆದುಳಿಗೆ ಸುದ್ದಿ ಮುಟ್ಟಿಸುತ್ತೆ. ಅಲ್ಲಿಂದ ವೇಗಸ್ ನರದ ಮೂಲಕ ಹೃದಯಕ್ಕೆ 'ನಿಧಾನ' ಅನ್ನೋ ಆಜ್ಞೆ ಹೋಗುತ್ತೆ. ಇದಕ್ಕೆ ಮನಸ್ಸಿನ ಒಪ್ಪಿಗೆ ಬೇಕಿಲ್ಲ. "ಸಮಾಧಾನ ಮಾಡ್ಕೋ" ಅನ್ನೋ ಮಾತು ತಲೆಗೆ ಹೋಗದ ಹೊತ್ತಿನಲ್ಲೂ ನೀರು ಕೆಲಸ ಮಾಡೋದು ಅದಕ್ಕೇ.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಮಾರ್ಶಾ ಲಿನೆಹನ್ ರೂಪಿಸಿದ, ಮಿತಿ ಮೀರಿದ ಭಾವನೆಗಳನ್ನು ನಿಭಾಯಿಸಲು ಕಲಿಸುವ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಚಿಕಿತ್ಸೆಯಲ್ಲಿ ಇದನ್ನು ಕಲಿಸುತ್ತಾರೆ. ಅಲ್ಲಿ ಹೇಳುವ ಲೆಕ್ಕ ಸುಮಾರು 30 ಸೆಕೆಂಡು, ನೀರು 10 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರಬಾರದು. ಹೃದಯದ ತೊಂದರೆ ಇರುವವರು, ಎದೆಬಡಿತ ಇಳಿಸುವ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರು, ಊಟ ಬಿಟ್ಟು ತೀರಾ ಸೊರಗಿರುವವರು ಡಾಕ್ಟರನ್ನು ಕೇಳದೆ ಮಾಡಲೇಬಾರದು. ಎದೆಬಡಿತ ನಿಜಕ್ಕೂ ಇಳಿಯುತ್ತೆ, ಸುಮ್ನೆ ಹೇಳುತ್ತಿಲ್ಲ.

ಹಾಗಾದರೆ ತಲೆ ಮೇಲೆ ತಣ್ಣೀರು ಸುರಿದುಕೊಂಡರೆ ಇನ್ನೂ ಜಾಸ್ತಿ ಒಳ್ಳೆಯದಲ್ವಾ? ಅಲ್ಲ. ಇಡೀ ಮೈಗೆ ಒಮ್ಮೆಲೇ ತಣ್ಣೀರು ಬಿದ್ದರೆ ಏದುಸಿರು ಬರುತ್ತೆ, ಎದೆಬಡಿತ ಏರುತ್ತೆ. ನಮಗೆ ಬೇಕಾದದ್ದಕ್ಕೆ ಪೂರ್ತಿ ಉಲ್ಟಾ.

ಇನ್ನೊಂದು ಮಾತು ಹೇಳದೆ ಇರಲಾರೆ. ನಮ್ಮ ಮನೆಗಳಲ್ಲಿ ಅಳುವ ಹುಡುಗಿಗೆ "ಹೋಗು, ಮುಖ ತೊಳ್ಕೊಂಡು ಬಾ" ಅಂತಾರೆ. ಅದರ ಅರ್ಥ, ಅಳು ನಿಲ್ಲಿಸು, ಯಾರೂ ನೋಡಬಾರದು. ದಯವಿಟ್ಟು ತಣ್ಣೀರನ್ನು ಹಾಗೆ ಬಳಸಬೇಡಿ. ಅಮ್ಮ ತೀರಿಕೊಂಡಾಗ ನಾನು ಬೇಸಿನ್ ಹತ್ತಿರ ಹೋಗಲಿಲ್ಲ. ಅತ್ತುಬಿಟ್ಟೆ. ಏನಾದರೂ ಅನಾಹುತ ಮಾಡಿಕೊಂಡುಬಿಡುತ್ತೇನೆ ಅನ್ನೋ ಘಳಿಗೆಗೆ ಮಾತ್ರ ಈ ನೀರು. ಆ ಘಳಿಗೆ ಮತ್ತೆ ಮತ್ತೆ ಬರುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಕಲಬುರಗಿಯ ಗೆಳತಿ ಕೇಳಿದಳು: "ಏಪ್ರಿಲ್‌ನಲ್ಲಿ ನಮ್ಮ ಟ್ಯಾಂಕಿನ ನೀರು ಕೈ ಸುಡುತ್ತೆ, ಬಸ್ಸಿನಲ್ಲಿದ್ದರೆ ಏನು ಮಾಡಲಿ?" ಅಂಗಡಿಯಿಂದ ಒಂದು ಕೂಲ್ ವಾಟರ್ ಬಾಟಲಿ ತಗೋ. ಕರ್ಚೀಫಿನಲ್ಲಿ ಸುತ್ತಿ ಕಣ್ಣು, ಕೆನ್ನೆಯ ಮೇಲೆ ಒತ್ತಿ ಹಿಡಿ. ತಲೆ ಮುಂದಕ್ಕೆ ಬಗ್ಗಿಸು, ಉಸಿರು ಹಿಡಿದು ಎಣಿಸು. ಪಕ್ಕದವರು ತಲೆನೋವು ಅಂದುಕೊಳ್ಳುತ್ತಾರೆ, ಅಷ್ಟೇ.